ಬಣ್ಣದಡಿಯ ಬಣ್ಣ: ಹಸಿರು ಮಣ್ಣು ಮತ್ತು ಚಿತ್ರಕಲೆ

(ಒಂದು ಸಂಜೆಯ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಉಪನ್ಯಾಸದ ಆಹ್ವಾನ ಪತ್ರಿಕೆಯಲ್ಲಿ ವಿಷಯವು "ಹಸಿಮಣ್ಣು ಮತ್ತು ಚಿತ್ರಕಲೆ" ಎಂದು ಅಚ್ಚಾಗಿರುವುದನ್ನು ನೀವು ಗಮನಿಸಿರಬಹುದು. ನಾನು ಬರೆದು ಕಳುಹಿಸಿದ್ದು "ಹಸಿರು ಮಣ್ಣು", ಅಂದರೆ ಚಿತ್ರಕಾರರು ಬಣ್ಣವಾಗಿ ಬಳಸುವ ಹಸಿರು ಬಣ್ಣದ ಮಣ್ಣು. ಕರಡು ತಿದ್ದಿದವರನ್ನು ನಾನು ದೂರುವುದಿಲ್ಲ. ಹಸಿಮಣ್ಣು ಕುಂಬಾರರ ಕೇರಿಯಲ್ಲಿ ದಿನವೂ ಕೇಳುವ ಮಾತು. ಮಣ್ಣಿನ ಹಿಂದೆ ಹಸಿರು ಎಂಬ ಪದ ಬಂದರೆ ಅದು ಬರೆದವನ ಕೈತಪ್ಪು ಎಂದು ತೋರುವುದು ಸಹಜ. ಮೇಲಾಗಿ ಹಸಿ, ಹಸಿರು ಎರಡೂ ಒಂದೇ ಬೇರಿನಿಂದ ಒಡೆದ ಮಾತುಗಳು, ಮತ್ತು ಈ ಹಸಿರು ಮಣ್ಣು ಎಲ್ಲಕ್ಕಿಂತ ಚೆನ್ನಾಗಿ ಬಾಳಿರುವುದು ಹಸಿ ಗಾರೆಯ ಮೇಲೆಯೇ. ಹೀಗಾಗಿ ಆ ಅಚ್ಚಿನ ತಪ್ಪಿನಲ್ಲಿಯೂ ಅರ್ಧ ಸತ್ಯವಿದೆ.

ಮಣ್ಣಿನ ಬಣ್ಣಗಳ ಮಟ್ಟಿಗೆ ಕನ್ನಡಕ್ಕೆ ಹೆಸರುಗಳ ಕೊರತೆಯಿಲ್ಲ. ಕೆಂಪಿಗೆ ಕೆಮ್ಮಣ್ಣು, ಕಾವಿ, ಜಾಜು ಎಂದು ಮೂರು ಹೆಸರು ಥಟ್ಟನೆ ನಾಲಗೆಗೆ ಬರುತ್ತವೆ. ಬಿಳಿಗೆ ಶೇಡಿಯಿದೆ, ಕಪ್ಪಿಗೆ ಎರೆಯಿದೆ. ಮಲೆನಾಡಿನ ಹಸೆ ಚಿತ್ತಾರಕ್ಕೆ ಕೆಮ್ಮಣ್ಣು ಬಳಿದ ಗೋಡೆಯೇ ಆಧಾರ. ಕರಾವಳಿಯ ದೇವಸ್ಥಾನಗಳ ಕಾವಿ ಕಲೆಯಲ್ಲಿ ಸುಣ್ಣದ ಬಿಳುಪು ಮತ್ತು ಮಣ್ಣಿನ ಕೆಂಪು ಎರಡೇ ಸೇರಿ ಇಡೀ ಗೋಡೆಯನ್ನು ತುಂಬುತ್ತವೆ. ಆದರೆ ಹಸಿರು ಮಣ್ಣಿಗೆ ಬಳಕೆಯ ಒಂದು ಹೆಸರನ್ನು ನಾನು ನಮ್ಮ ಕಡೆಯ ಯಾವ ಚಿತ್ರಕಾರರ ಬಾಯಲ್ಲಿಯೂ ಕೇಳಿಲ್ಲ. ರಾಜಸ್ಥಾನದ ಭಿತ್ತಿಚಿತ್ರಕಾರರು ಅದನ್ನು ಹರಾ ಭಾಟಾ ಎನ್ನುತ್ತಾರೆ. ಇಟಲಿಯವರಿಗೆ ಅದು ತೆರ್ರಾ ವೆರ್ದೆ, ಫ್ರೆಂಚರಿಗೆ ತೇರ್ ವೆರ್ತ್. ನಾವು ಚಿತ್ರಕಲಾ ಶಾಲೆಗಳಲ್ಲಿ ಬಣ್ಣದ ಟ್ಯೂಬಿನ ಮೇಲೆ ಓದಿ ಕಲಿತದ್ದು ಈ ಫ್ರೆಂಚ್ ಹೆಸರನ್ನು. ಅದು ವಿದೇಶದ ಸರಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದ್ದಕ್ಕೆ ಬಹುಶಃ ಈ ಹೆಸರೇ ಕಾರಣ.

ಮಾತು ಆರಂಭಿಸುವ ಮುನ್ನ ಇಲ್ಲಿ ಮೇಜಿನ ಮೇಲೆ ಒಂದು ಗಾಜಿನ ಲೋಟವನ್ನು ಇಟ್ಟಿದ್ದೇನೆ. ಅದರಲ್ಲಿರುವುದು ನೀರು ಮತ್ತು ನಾನು ನಿನ್ನೆ ಕುಟ್ಟಿದ ಒಂದು ಹಿಡಿ ಕಲ್ಲಿನ ಪುಡಿ. ಈಗ ಅದನ್ನು ಚಮಚದಿಂದ ಚೆನ್ನಾಗಿ ಕದಡಿ ಪಕ್ಕಕ್ಕಿಡುತ್ತೇನೆ. ಅದು ತನ್ನ ಕೆಲಸ ಮಾಡುತ್ತಿರಲಿ.

ಆ ಪುಡಿ ಬಂದ ಕಲ್ಲು ಇದು. ಮುಂದಿನ ಸಾಲಿನವರು ಕೈಯಿಂದ ಕೈಗೆ ದಾಟಿಸಿ ನೋಡಬಹುದು. ಅಜಂತಾದಿಂದ ಹಿಂತಿರುಗುವಾಗ, ರಸ್ತೆಯನ್ನು ಅಗಲಗೊಳಿಸಲೆಂದು ಗುಡ್ಡದ ಬದಿಯನ್ನು ಕಡಿದಿದ್ದ ಕಡೆ ಉದುರಿ ಬಿದ್ದಿದ್ದ ತುಣುಕು. ಗುಹೆಗಳ ಆವರಣದಿಂದ ಒಂದು ಹರಳನ್ನೂ ಎತ್ತಬಾರದು, ನಾನು ಎತ್ತಿಯೂ ಇಲ್ಲ. ಬೂದುಗಪ್ಪಿನ ಈ ಕಲ್ಲೇ ಬಸಾಲ್ಟ್. ಮೈತುಂಬ ಕಡಲೆಕಾಳಿನಿಂದ ಹಿಡಿದು ಬಾದಾಮಿಯಷ್ಟು ದೊಡ್ಡದಾದ ತೂತುಗಳಿವೆ. ಕೆಲವು ತೂತುಗಳ ಒಳಗೆ ಬಿಳಿಯ ಹರಳುಗಳು ತುಂಬಿಕೊಂಡಿವೆ. ಸ್ವಲ್ಪ ಓರೆಯಾಗಿ ಹಿಡಿದು ನೋಡಿದರೆ, ಬಿಳಿಯ ಹರಳಿಗೂ ಕರಿಯ ಕಲ್ಲಿಗೂ ನಡುವೆ, ಉಗುರಿನಷ್ಟು ದಪ್ಪದ ಒಂದು ಹಸಿರು ಪೊರೆ ಕಾಣುತ್ತದೆ. ಎಲೆಯ ಹಸಿರಲ್ಲ; ನೀಲಿಯ ಕಡೆಗೆ ಸ್ವಲ್ಪ ವಾಲಿದ, ಬೂದಿ ಬೆರೆತಂತಿರುವ, ತಣ್ಣನೆಯ ಹಸಿರು. ಉಗುರಿನಿಂದ ಕೆರೆದರೆ ಪುಡಿಯಾಗಿ ಬರುತ್ತದೆ, ಬೆರಳುಗಳ ನಡುವೆ ತಿಕ್ಕಿದರೆ ಸಾಬೂನಿನಂತೆ ಜಾರುತ್ತದೆ.

ದಖ್ಖನ್ನಿನ ಬಸಾಲ್ಟು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಆಗಿ ಹರಿದು ಪದರ ಪದರವಾಗಿ ಹೆಪ್ಪುಗಟ್ಟಿದ್ದು. ಹರಿಯುವ ಲಾವಾದೊಳಗೆ ಅನಿಲದ ಗುಳ್ಳೆಗಳಿರುತ್ತವೆ. ಕಾವಲಿಯ ಮೇಲೆ ದೋಸೆ ಬೇಯುವಾಗ ತೂತು ಬೀಳುವ ಹಾಗೆ, ಲಾವಾ ಗಟ್ಟಿಯಾದಾಗ ಆ ಗುಳ್ಳೆಗಳ ಜಾಗ ಖಾಲಿಯಾಗಿ ಉಳಿಯುತ್ತದೆ. ಆಮೇಲೆ ಸಾವಿರಾರು ವರ್ಷ ಬಿಸಿನೀರು ಆ ಕಲ್ಲಿನ ಬಿರುಕುಗಳಲ್ಲಿ ಇಳಿದು, ಕಲ್ಲಿನಿಂದಲೇ ಕಬ್ಬಿಣ, ಮೆಗ್ನೀಸಿಯಂ, ಪೊಟ್ಯಾಸಿಯಂ ಮತ್ತು ಸಿಲಿಕಾವನ್ನು ಕರಗಿಸಿಕೊಂಡು, ತೂತುಗಳ ಒಳಗೋಡೆಗೆ ಅವನ್ನು ಹೊಸ ರೂಪದಲ್ಲಿ ಲೇಪಿಸುತ್ತದೆ. ಹಾಗೆ ಹುಟ್ಟಿದ ಹಸಿರು ಖನಿಜಕ್ಕೆ ಸೆಲಡೋನೈಟ್ ಎಂದು ಹೆಸರು. ಅದು ಅಭ್ರಕದ ಕುಲದ್ದು, ಗುಣದಲ್ಲಿ ಜೇಡಿಗೆ ಹತ್ತಿರ. ಹಸಿರು ಮಣ್ಣು ಎಂದು ಮಾರಾಟವಾಗುವ ಬಣ್ಣದ ಇನ್ನೊಂದು ಮೂಲ ಗ್ಲಾಕೊನೈಟ್ ಎಂಬ ಖನಿಜ. ಅದು ಬೆಂಕಿಯ ಕಲ್ಲಿನಲ್ಲಿ ಹುಟ್ಟದೆ, ಹೂಳು ನಿಧಾನವಾಗಿ ಕೂಡುವ ಸಮುದ್ರದ ತಳದಲ್ಲಿ ಸಣ್ಣ ಸಣ್ಣ ಹಸಿರು ಕಾಳುಗಳಾಗಿ ಬೆಳೆಯುತ್ತದೆ. ರಚನೆಯಲ್ಲಿ ಇವೆರಡೂ ದಾಯಾದಿಗಳು. ಚಿತ್ರಕಾರನ ಕಣ್ಣಿಗೆ ಗ್ಲಾಕೊನೈಟ್ ಪಾಚಿಯ ಬಣ್ಣಕ್ಕೆ ಹತ್ತಿರ, ಸೆಲಡೋನೈಟ್ ಅದಕ್ಕಿಂತ ತಿಳಿ ಮತ್ತು ತಂಪು.

ಯುರೋಪಿನಲ್ಲಿ ಹೆಸರಾದ ಹಸಿರು ಮಣ್ಣು ಬರುತ್ತಿದ್ದುದು ಉತ್ತರ ಇಟಲಿಯ ಗಾರ್ದಾ ಸರೋವರದ ಪಕ್ಕದ ಮೊಂತೆ ಬಾಲ್ದೊ ಬೆಟ್ಟದಿಂದ, ಬ್ರೆಂತೊನಿಕೊ ಎಂಬ ಊರಿನ ಹತ್ತಿರದ ಗಣಿಗಳಿಂದ. ಅದು ವೆರೋನಾ ಪೇಟೆಯ ಮೂಲಕ ಮಾರಾಟವಾಗುತ್ತಿದ್ದುದರಿಂದ ವೆರೋನಾದ ಹಸಿರು ಎಂದೇ ಪ್ರಸಿದ್ಧವಾಯಿತು. ಕಡಲೆ ಬೆಳೆದವನ ಊರಿಗಿಂತ ಮಂಡಿಯ ಊರಿಗೆ ಹೆಸರು ಬರುವುದು ಎಲ್ಲೆಡೆಯ ಪದ್ಧತಿ. ಸೈಪ್ರಸ್ ದ್ವೀಪದ ಲಾವಾದಲ್ಲಿಯೂ ಈ ಖನಿಜವಿದೆ. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಹಸಿರು ಮಣ್ಣು ಹಲವು ಕಡೆ ಸಿಗುತ್ತದೆಂದೂ ಸ್ಮಿರ್ನಾದ್ದು, ಅಂದರೆ ಇಂದಿನ ತುರ್ಕಿಯ ಇಜ್ಮಿರ್ ಕಡೆಯದು, ಎಲ್ಲಕ್ಕಿಂತ ಉತ್ತಮವೆಂದೂ ಬರೆದಿದ್ದಾನೆ. ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ರೋಮನ್ ಪಟ್ಟಣ ಪಾಂಪೆಯ ಅವಶೇಷಗಳಲ್ಲಿ ಬಟ್ಟಲಿನಲ್ಲಿ ಉಳಿದುಕೊಂಡಿದ್ದ ಬಣ್ಣದ ಪುಡಿಗಳಲ್ಲಿ ಹಸಿರು ಮಣ್ಣೂ ಸಿಕ್ಕಿದೆ.

ಇದು ಏಕೆ ಹಸಿರು? ಕೆಮ್ಮಣ್ಣು ಕೆಂಪಾಗಿರುವುದು ಕಬ್ಬಿಣದಿಂದ. ಹಸಿರು ಮಣ್ಣು ಹಸಿರಾಗಿರುವುದೂ ಅದೇ ಕಬ್ಬಿಣದಿಂದ. ವ್ಯತ್ಯಾಸವಿಷ್ಟೆ: ಕೆಮ್ಮಣ್ಣಿನ ಕಬ್ಬಿಣ ಪೂರ್ತಿ ತುಕ್ಕು ಹಿಡಿದದ್ದು, ಹಸಿರು ಮಣ್ಣಿನಲ್ಲಿ ಪೂರ್ತಿ ಉತ್ಕರ್ಷಣಗೊಂಡ ಕಬ್ಬಿಣದ ಅಣುಗಳ ನೆರೆಯಲ್ಲಿಯೇ ಅಷ್ಟು ಉತ್ಕರ್ಷಣಗೊಳ್ಳದ ಕಬ್ಬಿಣದ ಅಣುಗಳೂ ಸಿಲಿಕಾದ ಪದರಗಳ ನಡುವೆ ಸಿಕ್ಕಿಕೊಂಡಿವೆ. ಬೆಳಕು ಬಿದ್ದಾಗ ಇವೆರಡರ ನಡುವೆ ಎಲೆಕ್ಟ್ರಾನು ಆಚೀಚೆ ಜಿಗಿಯುತ್ತದೆ, ಆ ಜಿಗಿತಕ್ಕೆ ಬೇಕಾದ ಶಕ್ತಿಯನ್ನು ಬೆಳಕಿನ ಕೆಂಪು ಭಾಗದಿಂದ ಕಸಿದುಕೊಳ್ಳುತ್ತದೆ; ಉಳಿದ ಬೆಳಕು ನಮ್ಮ ಕಣ್ಣಿಗೆ ಹಸಿರಾಗಿ ಮರಳುತ್ತದೆ. ಇದನ್ನು ಅಡುಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಹಳೆಯ ಕಬ್ಬಿಣದ ಸೌಟಿನಲ್ಲಿ ಚಿಟಿಕೆ ಹಸಿರು ಪುಡಿ ಹಾಕಿ ಗ್ಯಾಸಿನ ಉರಿಯ ಮೇಲೆ ಸೌಟು ಕೆಂಪಗಾಗುವ ತನಕ ಹಿಡಿದೆ. ಮೊದಲು ಅಂಚು ಮಾಸಿತು, ಆಮೇಲೆ ಒಣಎಲೆಯ ಬಣ್ಣ ಬಂತು, ಕೊನೆಗೆ ಇಟ್ಟಿಗೆ ಪುಡಿಯ ಕಂದುಗೆಂಪಿಗೆ ನಿಂತಿತು. ಅರೆಬರೆ ಉತ್ಕರ್ಷಣಗೊಂಡಿದ್ದ ಕಬ್ಬಿಣ ಶಾಖಕ್ಕೆ ಪೂರ್ತಿ ತುಕ್ಕಾಯಿತು, ಹಸಿರು ಮಣ್ಣು ಕೆಮ್ಮಣ್ಣಾಯಿತು. ಸುಟ್ಟ ಹಸಿರು ಮಣ್ಣನ್ನು ಬೇರೆಯ ಬಣ್ಣವಾಗಿಯೇ ಮಾರುವ ಪದ್ಧತಿಯೂ ಇದೆ. ತಾಮ್ರದ ಹಸಿರುಗಳನ್ನು, ಉದಾಹರಣೆಗೆ ಮಲಕೈಟನ್ನು, ಹೀಗೆಯೇ ಸುಟ್ಟರೆ ಕರಿ ಬೂದಿಯಾಗುತ್ತದೆ. ಯಾವ ಹಸಿರು ಯಾವ ಮೂಲದ್ದು ಎಂದು ತಿಳಿಯಲು ಇಷ್ಟು ಸರಳವಾದ ಪರೀಕ್ಷೆ ಬೇರೆಯಿಲ್ಲ. ಆದರೆ ಗೋಡೆಯ ಮೇಲಿನ ಚಿತ್ರಕ್ಕೆ ಸೌಟು ಹಿಡಿಯಲಾಗದು ಎಂಬುದು ಬೇರೆ ಮಾತು.

ಕಲ್ಲಿನಿಂದ ಬಣ್ಣ ತೆಗೆಯುವ ಕೆಲಸ ತಾಳ್ಮೆಯದ್ದು. ಹಸಿರು ಪೊರೆಯನ್ನು ಚಾಕುವಿನಿಂದ ಕೆರೆದು, ಕಲ್ಬತ್ತಿನಲ್ಲಿ ಕುಟ್ಟಿ, ನೀರಿನಲ್ಲಿ ಕದಡಿ ಅರ್ಧ ನಿಮಿಷ ಬಿಡಬೇಕು. ಬಸಾಲ್ಟಿನ ಚೂರು, ಬಿಳಿ ಹರಳಿನ ಚೂರು ತೂಕದವು, ತಳ ಸೇರುತ್ತವೆ. ಹಸಿರು ಮೆದುವಾದ್ದರಿಂದ ಕುಟ್ಟಿದಾಗ ಎಲ್ಲಕ್ಕಿಂತ ನುಣ್ಣಗಾಗಿರುತ್ತದೆ. ಅದು ನೀರಿನಲ್ಲಿಯೇ ತೇಲುತ್ತಿರುತ್ತದೆ. ಆ ಹಸಿರು ನೀರನ್ನು ಇನ್ನೊಂದು ಪಾತ್ರೆಗೆ ಬಸಿದು, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಚೆಲ್ಲಿದರೆ ತಳದಲ್ಲಿ ಬಣ್ಣ ಸಿಗುತ್ತದೆ. ರಾಗಿ ಹಾಲು ತೆಗೆದು ಗಸಿ ಕಟ್ಟಿಸುವುದನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಇಲ್ಲ. ತೆಂಗಿನಕಾಯಿ ಗಾತ್ರದ ಕಲ್ಲಿನಿಂದ ನನಗೆ ಸಿಕ್ಕಿದ್ದು ಎರಡು ಚಮಚ ಬಣ್ಣ.

ಆ ಎರಡು ಚಮಚದಲ್ಲಿ ಒಂದನ್ನು ನಾನು ಹಾಳು ಮಾಡಿದೆ. ಅಗಸೆ ಎಣ್ಣೆಯಲ್ಲಿ ಅರೆದು ಕ್ಯಾನ್ವಾಸಿನ ಮೇಲೆ ಎಳೆದೆ. ಒಣಪುಡಿಯಾಗಿದ್ದಾಗ ಅಷ್ಟು ಮುದ್ದಾಗಿದ್ದ ಹಸಿರು ಎಣ್ಣೆಯಲ್ಲಿ ಸೇರಿದ ಕೂಡಲೇ ಕೆರೆಯ ಮೆಟ್ಟಿಲಿನ ಪಾಚಿಯಂತೆ ಕಪ್ಪಿಟ್ಟು ಪಾರದರ್ಶಕವಾಯಿತು, ಅಡಿಯಲ್ಲಿದ್ದ ಪೆನ್ಸಿಲಿನ ಗೆರೆಗಳೆಲ್ಲ ಕಂಡವು. ತಪ್ಪು ಬಣ್ಣದ್ದಲ್ಲ. ಯಾವುದೇ ಪುಡಿ ತನ್ನ ಸುತ್ತಲಿನ ಮಾಧ್ಯಮಕ್ಕಿಂತ ಬೆಳಕನ್ನು ಎಷ್ಟು ಹೆಚ್ಚು ಬಾಗಿಸುತ್ತದೆಯೋ ಅಷ್ಟು ಹೆಚ್ಚು ಮರೆಮಾಡುತ್ತದೆ. ಸೀಸದ ಬಿಳುಪಿನ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಅಳತೆ) ಸುಮಾರು 2, ಅಗಸೆ ಎಣ್ಣೆಯದು 1.48ರ ಆಸುಪಾಸು, ನಡುವಿನ ಅಂತರ ದೊಡ್ಡದು, ಆದ್ದರಿಂದ ಸೀಸದ ಬಿಳುಪು ಎಣ್ಣೆಯಲ್ಲಿಯೂ ದಟ್ಟ. ಹಸಿರು ಮಣ್ಣಿನದು ಸುಮಾರು 1.6, ಎಣ್ಣೆಗೂ ಅದಕ್ಕೂ ಹೆಚ್ಚಿನ ಭೇದವಿಲ್ಲ. ಬಿಳಿ ಪಂಚೆ ನೆನೆದಾಗ ಮೈ ಕಾಣುವುದಕ್ಕೂ ಇದೇ ಕಾರಣ. ಸುತ್ತ ಗಾಳಿಯಿದ್ದಲ್ಲಿ, ಅಂದರೆ ಎಣ್ಣೆಯಿಲ್ಲದ ಗೋಡೆಯ ಮೇಲೆ ಅಥವಾ ತೆಳುವಾದ ಮೊಟ್ಟೆಯ ಹಳದಿಯಲ್ಲಿ ಕಲೆಸಿದಾಗ, ಅದೇ ಬಣ್ಣ ತನ್ನ ಮೂಲರೂಪದಲ್ಲಿ ನಿಲ್ಲುತ್ತದೆ.

ಎಣ್ಣೆಚಿತ್ರಕಾರರಲ್ಲಿಯೂ ಇದನ್ನು ಬಲ್ಲವರಿದ್ದರು ಎಂಬುದನ್ನು ಮರೆಯಬಾರದು. 17ನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್ ತನ್ನ ಕೊನೆಯ ವರ್ಷಗಳ ಚಿತ್ರಗಳಲ್ಲಿ ಹೆಂಗಸರ ಮುಖದ ನೆರಳಿಗೆ ಹಸಿರು ಮಣ್ಣನ್ನೇ ಬಳಸಿದ್ದಾನೆ. ಆದರೆ ಇದರ ನಿಜವಾದ ಮನೆ ಗೋಡೆ. ಹಸಿ ಸುಣ್ಣದ ಗಾರೆಯ ಮೇಲೆ ಬರಿಯ ನೀರಿನಲ್ಲಿ ಕಲೆಸಿದ ಬಣ್ಣ ಹಚ್ಚಿದರೆ, ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗುವಾಗ ಬಣ್ಣದ ಕಣಗಳನ್ನು ತನ್ನೊಳಗೆ ಕಟ್ಟಿಹಾಕುತ್ತದೆ. ಆದರೆ ಹಸಿ ಸುಣ್ಣ ಬಾಯಿ ಸುಡುವ ಕ್ಷಾರ. ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ಅದರ ಮುಂದೆ ನಿಲ್ಲದು, ಎಲೆಯ ಅಥವಾ ಹೂವಿನ ಬಣ್ಣಗಳಂತೂ ಗಂಟೆಗಳಲ್ಲಿ ಹಾಳಾಗುತ್ತವೆ. ಹಸಿರು ಮಣ್ಣಿಗೆ ಏನೂ ಆಗುವುದಿಲ್ಲ. ಅದರ ಕಬ್ಬಿಣ ಸಿಲಿಕಾದ ಪದರಗಳ ನಡುವೆ ಭದ್ರವಾಗಿ ಕೂತಿದೆ. ಆ ಪದರಗಳೇ ಅದನ್ನು ಮಂಕಾಗಿಸಿವೆ, ಮತ್ತು ಅವೇ ಅದನ್ನು ಸುಣ್ಣದಿಂದಲೂ ಬಿಸಿಲಿನಿಂದಲೂ ಕಾಪಾಡಿವೆ. 15ನೇ ಶತಮಾನದಲ್ಲಿ ಪಾವ್ಲೊ ಉಚ್ಚೆಲ್ಲೊ ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾದ ಒಂದು ಅಂಗಳದ ಗೋಡೆಗಳ ಮೇಲೆ ಹೆಚ್ಚು ಪಾಲು ಈ ಒಂದೇ ಬಣ್ಣದಿಂದ ಚಿತ್ರಗಳನ್ನು ಬರೆದನು. ಆ ಅಂಗಳಕ್ಕೆ ಇಂದಿಗೂ ಹಸಿರು ಅಂಗಳವೆಂದೇ ಹೆಸರು.

ಈಗ ಈ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಮಂಕಾದ, ಮರೆಮಾಡಲಾರದ ಈ ಬಣ್ಣವನ್ನು ಇಟಲಿಯ ಚಿತ್ರಕಾರರು ಮುಖ್ಯವಾಗಿ ಬಳಸಿದ್ದು ಮನುಷ್ಯರ ಮುಖ ಬರೆಯಲು, ಅದೂ ಕಾಣದ ಹಾಗೆ. ಚೆನ್ನಿನೊ ಚೆನ್ನೀನಿ ಎಂಬ ಚಿತ್ರಕಾರ ಸುಮಾರು 1400ರಲ್ಲಿ ತನ್ನ ಕಸುಬಿನ ಕೈಪಿಡಿಯೊಂದನ್ನು ಬರೆದಿಟ್ಟಿದ್ದಾನೆ. ಹಲಗೆಯ ಮೇಲೆ ಮುಖ ಬರೆಯುವಾಗ ಮೊದಲು ಇಡೀ ಮುಖಕ್ಕೆ, ಕೈಕಾಲಿಗೆ, ಬತ್ತಲೆಯಾಗಿ ಕಾಣುವ ಮೈಗೆಲ್ಲ ಹಸಿರು ಮಣ್ಣಿಗೆ ಸ್ವಲ್ಪ ಸೀಸದ ಬಿಳುಪು ಬೆರೆಸಿ ಎರಡು ಸಲ ಬಳಿಯಬೇಕೆಂದು ಅವನ ವಿಧಾನ. ಆಮೇಲೆ ನೆರಳು, ಆಮೇಲೆ ಮೂರು ಹದದ ಗುಲಾಬಿ ಮೈಬಣ್ಣ, ಒಂದರ ಪಕ್ಕ ಒಂದು, ಹಸಿರು ಅಡಿಯಿಂದ ಎಳೆಯಾಗಿ ಇಣುಕುವಷ್ಟು ತೆಳ್ಳಗೆ. ಕೆಂಪಿನ ಅಡಿಯಲ್ಲಿ ಹಸಿರಿದ್ದರೆ ಎರಡೂ ಒಂದನ್ನೊಂದು ತಗ್ಗಿಸುತ್ತವೆ. ಚರ್ಮದ ಅಡಿಯಲ್ಲಿ ನರ ಹರಿದಂತೆ, ಗದ್ದದ ಕೆಳಗೆ ತಂಪು ನೆರಳು ಕೂತಂತೆ ಕಾಣುತ್ತದೆ. ಹೆಣದ ಮುಖಕ್ಕೆ ಮಾತ್ರ ಕೆನ್ನೆಯ ಕೆಂಪು ಹಾಕಬಾರದು, ಸತ್ತವರಿಗೆ ಬಣ್ಣವಿಲ್ಲ ಎನ್ನುತ್ತಾನೆ.

ಅದೇ ಕೈಪಿಡಿಯ ಒಂದು ಸೂಚನೆ ನನಗೆ ಬಹಳ ಪ್ರಿಯ. ಎಳೆಯರ ಮುಖಕ್ಕೆ ಪೇಟೆಯ ಕೋಳಿಯ ಮೊಟ್ಟೆಯ ಹಳದಿಯನ್ನೂ, ಮುದುಕರ ಮತ್ತು ಕಪ್ಪು ಮೈಯವರ ಮುಖಕ್ಕೆ ಹಳ್ಳಿಯ ಕೋಳಿಯ ಮೊಟ್ಟೆಯ ಹಳದಿಯನ್ನೂ ಬಳಸಬೇಕು, ಏಕೆಂದರೆ ಪೇಟೆಯ ಮೊಟ್ಟೆಯ ಹಳದಿ ಹೆಚ್ಚು ಬಿಳಿಚಿಕೊಂಡಿರುತ್ತದೆ ಎಂಬುದು ಅವನ ಮಾತು. ಫಾರಂ ಮೊಟ್ಟೆಯನ್ನೂ ನಾಟಿ ಮೊಟ್ಟೆಯನ್ನೂ ಒಂದೇ ಬಾಣಲೆಯಲ್ಲಿ ಒಡೆದು ನೋಡಿದವರು ಆರುನೂರು ವರ್ಷ ಹಿಂದಿನ ಈ ಇಟಲಿಯವನನ್ನು ತಟ್ಟನೆ ಒಪ್ಪಿಕೊಳ್ಳುತ್ತಾರೆ.

ಚೆನ್ನೀನಿ ಹೇಳಿದ ಕ್ರಮವನ್ನು ಕಣ್ಣಾರೆ ಕಾಣಬೇಕಿದ್ದರೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಮ್ಯಾಂಚೆಸ್ಟರ್ ಮಡೋನಾ ಎಂದು ಕರೆಯುವ ಮೈಕೆಲಾಂಜೆಲೊನ ಅಪೂರ್ಣ ಚಿತ್ರವನ್ನು ನೋಡಬೇಕು. ಎಡಬದಿಯ ಇಬ್ಬರು ದೇವದೂತರಿಗೆ ಮೈಬಣ್ಣ ಹಚ್ಚುವ ಮೊದಲೇ ಕೆಲಸ ನಿಂತುಹೋಯಿತು. ಅವರು ಇಂದಿಗೂ ಹಸಿರು ಬಳಿದ ಮೈಯಲ್ಲಿಯೇ ನಿಂತಿದ್ದಾರೆ. ಮುಗಿದ ಚಿತ್ರಗಳಲ್ಲಿಯೂ ಅಡಿಯ ಹಸಿರು ಈಗ ಮೇಲೆ ಬಂದಿದೆ. ದುಚ್ಚೊ ಮೊದಲಾದ, ಇಟಲಿಯ ಸಿಯೆನಾ ಊರಿನ ಹಳೆಯ ಚಿತ್ರಕಾರರು ಬರೆದ ಮೇರಿ ಮಾತೆಯ ಮುಖಗಳು ಹಲವೆಡೆ ಕಾಯಿಲೆ ಬಿದ್ದವರಂತೆ ಹಸಿರಾಗಿ ಕಾಣುತ್ತವೆ. ತೆಳುವಾದ ಗುಲಾಬಿಯ ಪದರ ಶತಮಾನಗಳ ಉಜ್ಜಾಟದಲ್ಲಿ ಸವೆಯಿತು, ಅದರಲ್ಲಿದ್ದ ಸೂಕ್ಷ್ಮವಾದ ಕೆಂಪುಗಳು ಬೆಳಕಿಗೆ ಮಾಸಿದವು. ಹಸಿರು ಮಣ್ಣು ಇದ್ದಲ್ಲಿಯೇ ಇದ್ದಿತು. ಇದನ್ನು ಕಂಡು ಮಧ್ಯಯುಗದವರು ಮುಖವನ್ನು ಹಸಿರಾಗಿಯೇ ಬರೆಯುತ್ತಿದ್ದರು ಎಂದುಕೊಳ್ಳುವುದು, ಗಿಲಾಯಿ ಉದುರಿದ ಮನೆಯನ್ನು ಕಂಡು ಕಟ್ಟಿದವರಿಗೆ ಇಟ್ಟಿಗೆಯೇ ಅಂದವಾಗಿ ತೋರಿತ್ತು ಎಂದುಕೊಂಡಂತೆ.

ಚೆನ್ನೀನಿಯ ಕೈಪಿಡಿಯನ್ನು 1899ರಲ್ಲಿ ಇಂಗ್ಲಿಷಿಗೆ ತಂದವರು ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಎಂಬ ಚಿತ್ರಕಾರ್ತಿ. ಆಕೆ ಬರಿಯ ಭಾಷಾಂತರಕಾರ್ತಿಯಲ್ಲ. ಅದರಲ್ಲಿನ ವಿಧಾನಗಳನ್ನು ತನ್ನ ಕೈಯಿಂದಲೇ ಮಾಡಿ ನೋಡಿದವರು, ಮೊಟ್ಟೆಯ ಹಳದಿಯಲ್ಲಿ ಇಟಲಿಯ ಹಳೆಯ ಚಿತ್ರಗಳ ನಕಲುಗಳನ್ನು ತೆಗೆದವರು. ಇದೇ ಹೆರಿಂಗ್‌ಹ್ಯಾಮ್ ಹತ್ತು ವರ್ಷಗಳ ಮೇಲೆ, 1909ರಿಂದ 1911ರವರೆಗಿನ ಎರಡು ಚಳಿಗಾಲಗಳಲ್ಲಿ, ಅಜಂತಾದ ಬಳಿ ಡೇರೆ ಹಾಕಿಕೊಂಡು ಅಲ್ಲಿನ ಭಿತ್ತಿಚಿತ್ರಗಳನ್ನು ನಕಲು ತೆಗೆಸಿದರು. ನೆರವಿಗೆ ಹೈದರಾಬಾದಿನಿಂದ ಸೈಯದ್ ಅಹ್ಮದ್ ಮತ್ತು ಫಜಲುದ್ದೀನ್, ಕಲ್ಕತ್ತೆಯಿಂದ ಅವನೀಂದ್ರನಾಥ ಠಾಕೂರರ ಶಿಷ್ಯರಾದ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್, ಸಮರೇಂದ್ರನಾಥ ಗುಪ್ತ ಬಂದಿದ್ದರು. ಅವರ ಜತೆಯಲ್ಲಿ ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಚಿತ್ರಶಾಲೆ ಇವರ ಹೆಸರಿನದೇ.

ಗುಹೆಯ ಅರೆಗತ್ತಲಿನಲ್ಲಿ, ಸಿಯೆನಾದ ಮುಖಗಳನ್ನು ಬಲ್ಲ ಆ ಕಣ್ಣಿಗೆ ಕಂಡದ್ದೇನು? ಬಿಳಿಯ ಗಾರೆಯ ಮೇಲೆ ಮೊದಲು ಕೆಂಪು ಗೆರೆಯ ದಿಟ್ಟವಾದ ರೇಖಾಚಿತ್ರ. ಅದರ ಮೇಲೆ ಹಸಿರು ಮಣ್ಣಿನ ತೆಳುವಾದ ಒಂದು ಲೇಪ, ಕೆಂಪು ಗೆರೆ ಅದರ ಮೂಲಕ ಅಲ್ಲಲ್ಲಿ ಕಾಣುವಂತೆ. ಆಮೇಲೆ ಆಯಾ ವಸ್ತುವಿನ ಬಣ್ಣ, ಕೊನೆಯಲ್ಲಿ ಕಪ್ಪು ಮತ್ತು ಕಂದು ಗೆರೆಗಳಿಂದ ಆಕೃತಿಯನ್ನು ಮತ್ತೆ ಬಿಗಿಗೊಳಿಸುವುದು. ಅಜಂತಾದ ಕಲಾವಿದರು ಹೀಗೆ ಕೆಲಸ ಮಾಡಿದರೆಂದು ಆಕೆ ಬರೆದರು. ಎಲ್ಲ ಗುಹೆಗಳಲ್ಲಿಯೂ ಎಲ್ಲ ಕೈಗಳೂ ಇದೇ ಕ್ರಮವನ್ನು ಹಿಡಿದಿದ್ದವು ಎಂದು ನಾನು ವಾದಿಸುವುದಿಲ್ಲ. ಗುಹೆಗಳನ್ನು ಕೊರೆದ ಎರಡು ಹಂತಗಳಲ್ಲಿ ನಂತರದ ಹಂತದ ಚಿತ್ರಗಳಲ್ಲಿಯೇ ಹಲವು ಕೈಗಳು ಕಾಣುತ್ತವೆ. ಚೆನ್ನೀನಿಯನ್ನು ಅನುವಾದಿಸಿದವರಿಗೆ ಎಲ್ಲೆಲ್ಲಿಯೂ ಚೆನ್ನೀನಿಯೇ ಕಂಡಿರಬಹುದು ಎಂಬ ಆಕ್ಷೇಪವನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ಮೇಲಿನ ಬಣ್ಣ ಸವೆದ ಜಾಗಗಳಲ್ಲಿ ಇಣುಕುವ ತಣ್ಣನೆಯ ಹಸಿರನ್ನು ಬಣ್ಣ ಅರೆದು ಗೊತ್ತಿಲ್ಲದ ಪಂಡಿತನು ಕೊಳೆಯೆಂದು ಬಿಟ್ಟುಬಿಡುತ್ತಿದ್ದನು. ಅರೆದು ಗೊತ್ತಿದ್ದುದರಿಂದಲೇ ಆಕೆಗೆ ಅದು ಬಣ್ಣವಾಗಿ ಕಂಡಿತು.

ಎರಡು ಕಡೆಯ ಕೆಲಸದಲ್ಲಿ ಒಂದು ದೊಡ್ಡ ಭೇದವಿದೆ. ಅಜಂತಾದ್ದು ಹಸಿ ಸುಣ್ಣದ ಮೇಲಿನ ಚಿತ್ರವಲ್ಲ. ಅಲ್ಲಿ ಬಂಡೆಯ ಒರಟು ಮೈಗೆ ಹೊಟ್ಟು, ನಾರು ಸೇರಿಸಿದ ಮಣ್ಣಿನ ಗಿಲಾಯಿ ಮೆತ್ತಿ, ಅದರ ಮೇಲೆ ತೆಳುವಾಗಿ ಬಿಳುಪು ಸಾರಿಸಿ, ಒಣಗಿದ ಮೇಲೆ ಅಂಟಿನಲ್ಲಿ ಕಲೆಸಿದ ಬಣ್ಣಗಳನ್ನು ಹಚ್ಚಿದ್ದಾರೆ. ಕೆಂಪು, ಹಳದಿ ಮಣ್ಣುಗಳು, ಕಾಡಿಗೆಯ ಕಪ್ಪು, ಬಿಳುಪು, ಹಸಿರು ಮಣ್ಣು. ಇವೆಲ್ಲ ಸ್ಥಳೀಯವಾಗಿ ಸಿಗುವಂಥವು. ದೂರದಿಂದ ತಂದದ್ದು ನೀಲಿಯೊಂದನ್ನು, ಇಂದಿನ ಅಫ್ಘಾನಿಸ್ತಾನದ ಬದಖ್‌ಶಾನಿನಿಂದ ಬರುತ್ತಿದ್ದ ಲಾಜವರ್ದ ಕಲ್ಲನ್ನು. ನೀಲಿಗೆ ಹಿಂದೂಕುಶ್ ದಾಟಿದವರಿಗೆ ಹಸಿರು ಮಾತ್ರ ತಾವು ಕೊರೆಯುತ್ತಿದ್ದ ಬಂಡೆಯ ತೂತಿನಲ್ಲಿಯೇ ಸಿಕ್ಕಿತು. ಅಜಂತಾದ ಗುಹೆಗಳೂ ಅದೇ ದಖ್ಖನ್ ಬಸಾಲ್ಟಿನಲ್ಲಿಯೇ ಕೊರೆದವು ಎಂಬುದನ್ನು ನೆನೆದರೆ, ಉಳಿಯ ಪೆಟ್ಟಿಗೆ ಹಾರುವ ಚಕ್ಕೆಗಳಲ್ಲಿ ಹಸಿರನ್ನು ಮೊದಲು ಗಮನಿಸಿದವನು ಚಿತ್ರಕಾರನಲ್ಲ, ಕಲ್ಲುಕುಟಿಗನೇ ಇರಬೇಕು ಎಂದು ನನ್ನ ಊಹೆ.

ತಮಿಳುನಾಡಿನ ಸಿತ್ತನ್ನವಾಸಲ್‌ನ ಜೈನ ಗುಹೆಯಲ್ಲಿ ತಾವರೆಕೊಳದ ಚಿತ್ರವಿದೆ. ತಂಜಾವೂರಿನ ಬೃಹದೀಶ್ವರ ದೇವಾಲಯದ ಒಳಸುತ್ತಿನಲ್ಲಿ ಚೋಳರ ಕಾಲದ ಚಿತ್ರಗಳಿವೆ. ಮದರಾಸಿನ ಸರ್ಕಾರಿ ಮ್ಯೂಸಿಯಮ್ಮಿನ ರಸಾಯನತಜ್ಞ ಎಸ್. ಪರಮಶಿವನ್ 1930ರ ದಶಕದಲ್ಲಿ ಇವುಗಳ ಬಣ್ಣದ ಕಣಗಳನ್ನು ಪರೀಕ್ಷಿಸಿ, ಅಲ್ಲಿನ ಹಸಿರು ಬಣ್ಣವು ಹಸಿರು ಮಣ್ಣೇ ಎಂದು ತೋರಿಸಿದರು. ಇವೆರಡೂ ಬಸಾಲ್ಟಿನ ಸೀಮೆಯಲ್ಲ. ಅಲ್ಲಿಗೆ ಈ ಬಣ್ಣ ಸರಕಾಗಿ ಹೋಗಿರಬೇಕು.

ಅಜಂತಾದ ಹಸಿರಿನ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಆ ಪ್ರದೇಶ ಆಗ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು, ನಮ್ಮ ಬೀದರ್, ಕಲಬುರಗಿ, ರಾಯಚೂರುಗಳಂತೆಯೇ. 1920ರಿಂದ 1922ರವರೆಗೆ ನಿಜಾಮರ ಸರ್ಕಾರ ಚೆಕ್ಕೋನಿ ಮತ್ತು ಓರ್ಸೀನಿ ಎಂಬ ಇಬ್ಬರು ಇಟಲಿಯ ತಜ್ಞರನ್ನು ಕರೆಸಿ ಚಿತ್ರಗಳನ್ನು ಭದ್ರಪಡಿಸಿತು. ಉದುರುತ್ತಿದ್ದ ಗಿಲಾಯಿಯನ್ನು ಅವರು ಉಳಿಸಿದ್ದು ನಿಜ. ಆದರೆ ಚಿತ್ರಗಳ ಮೇಲೆ ಅವರು ಹಚ್ಚಿದ ಅರಗಿನ ಮೆರುಗು ವರ್ಷಗಳು ಕಳೆದಂತೆ ಹಳದಿಗಟ್ಟಿತು. ಹಳದಿ ಗಾಜಿನ ಮೂಲಕ ನೋಡಿದರೆ ನೀಲಿ ಹಸಿರಾಗಿಯೂ, ಹಸಿರು ಕಂದಾಗಿಯೂ, ಬಿಳಿ ಬೆಣ್ಣೆಯಾಗಿಯೂ ಕಾಣುವುದಷ್ಟೆ. ಪುರಾತತ್ವ ಇಲಾಖೆಯವರು ಆಮೇಲೆ ಈ ಮೆರುಗನ್ನು ಅಂಗುಲ ಅಂಗುಲವಾಗಿ ತೆಗೆಯಬೇಕಾಯಿತು. ಹಳೆಯ ಬಣ್ಣದ ಛಾಯಾಚಿತ್ರ ನೋಡಿ ಅಜಂತಾದ ಹಸಿರನ್ನು ವರ್ಣಿಸಿದ ಬರಹಗಳನ್ನು ಓದುವಾಗ ಇದು ನೆನಪಿನಲ್ಲಿರಲಿ.

ಇನ್ನು ಶಾಸ್ತ್ರಗ್ರಂಥಗಳ ಮಾತು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರ ಬರೆಯುವ ಕ್ರಮದ ದೊಡ್ಡ ಪ್ರಕರಣವೇ ಇದೆ. ಗೋಡೆಯನ್ನು ನುಣುಪಾಗಿಸುವುದು, ಎಮ್ಮೆಯ ಚರ್ಮವನ್ನು ಕುದಿಸಿ ವಜ್ರಲೇಪವೆಂಬ ಅಂಟನ್ನು ಮಾಡುವುದು, ಕುಂಚ ಕಟ್ಟುವುದು, ಎಲ್ಲವನ್ನೂ ಅರಸ ಕೈಕೆಲಸ ಬಲ್ಲವನಂತೆ ಹೇಳುತ್ತಾನೆ. ಆದರೆ ಹಸಿರು ಎಂಬುದು ಅಲ್ಲಿ ಶುದ್ಧವರ್ಣವಲ್ಲ. ನೀಲಿಗೆ ಹರಿತಾಳ ಬೆರೆಸಿ ಅದನ್ನು ಪಡೆಯಬೇಕು. ಹರಿತಾಳವೆಂದರೆ ನಮ್ಮ ಅರದಾಳ, ಬಂಗಾರದಂತೆ ಹೊಳೆಯುವ, ಪಾಷಾಣ ಸೇರಿದ ಹಳದಿ. ನೀಲಿ ಮತ್ತು ಅರದಾಳ ಬೆರೆತರೆ ಗಿಳಿಯ ರೆಕ್ಕೆಯಂಥ ಹಸಿರು ಬರುತ್ತದೆ. ಕೇರಳದ ಕಥಕಳಿಯ ಪಚ್ಚೆ ವೇಷದ ಮುಖಕ್ಕೆ ಸಾಂಪ್ರದಾಯಿಕವಾಗಿ ಹಚ್ಚುತ್ತಿದ್ದುದೂ ಇದೇ ಮಿಶ್ರಣ. ಅದರ ಪಕ್ಕದಲ್ಲಿ ಹಸಿರು ಮಣ್ಣನ್ನು ಇಟ್ಟರೆ ತೊಳೆದ ಪಂಚೆಯ ಪಕ್ಕದಲ್ಲಿ ದೂಳಿನ ಪಂಚೆ ಇಟ್ಟಂತೆ.

ಸೋಮೇಶ್ವರನ ರಾಜಧಾನಿ ಇಂದಿನ ಬಸವಕಲ್ಯಾಣ. ಬೀದರ್ ಜಿಲ್ಲೆಯ ಆ ನೆಲದಡಿಯಲ್ಲಿರುವುದು ಅದೇ ದಖ್ಖನ್ನಿನ ಬಸಾಲ್ಟ್. ಕಲಬುರಗಿ, ವಿಜಯಪುರಗಳ ಬಹುಭಾಗ, ಬೆಳಗಾವಿಯ ಒಂದು ಭಾಗ ಅದರ ಮೇಲೆಯೇ ಕೂತಿವೆ. ಗೋಲಗುಮ್ಮಟದ ಕರಿಗಲ್ಲೂ ಅದೇ. ನನಗೆ ಅನ್ನಿಸುವುದೆಂದರೆ, ಗ್ರಂಥಕಾರರು ಬರೆದದ್ದು ಅರಮನೆಯ ಚಿತ್ರಶಾಲೆಗೆ ಒಪ್ಪುವ ಕಣ್ಮನ ಸೆಳೆಯುವ ಬಣ್ಣಗಳನ್ನು. ಕೆಲವೇ ಮೂಲವರ್ಣಗಳಿಂದ ಉಳಿದೆಲ್ಲವನ್ನೂ ಹುಟ್ಟಿಸುವುದು ಅವರ ಸಿದ್ಧಾಂತಕ್ಕೂ ಅನುಕೂಲ. ಅಡಿಯಲ್ಲಿ ಬಳಿದು ಮುಚ್ಚಿಬಿಡುವ ಅಗ್ಗದ ಮಣ್ಣನ್ನು ಯಾರೂ ಶ್ಲೋಕಕ್ಕೆ ಇಳಿಸುವುದಿಲ್ಲ. ನಮ್ಮ ಸಾರು ಮಾಡುವ ವಿಧಾನ ಹೇಳುವವರೂ ಒಗ್ಗರಣೆಯನ್ನು ವರ್ಣಿಸುತ್ತಾರೆಯೇ ಹೊರತು ಬೇಳೆ ಬೇಯಿಸಿದ ನೀರನ್ನಲ್ಲ.

ಕೊನೆಯಲ್ಲಿ ಸಭಿಕರಿಂದ ಬಂದ ಎರಡು ಪ್ರಶ್ನೆಗಳು. ಕಲಾ ವಿದ್ಯಾರ್ಥಿಯೊಬ್ಬರು, ಅಂಗಡಿಯಲ್ಲಿ ಕೊಂಡ ತೇರ್ ವೆರ್ತ್ ಟ್ಯೂಬು ನೀವು ಹೇಳಿದಷ್ಟು ಮಂಕಾಗಿಲ್ಲ, ಬಹಳ ಚುರುಕಾಗಿದೆಯಲ್ಲ ಎಂದು ಕೇಳಿದರು. ಟ್ಯೂಬಿನ ಹಿಂಬದಿಯಲ್ಲಿ ಸಣ್ಣ ಅಕ್ಷರದ ಸಂಕೇತವಿರುತ್ತದೆ. ಪಿಜಿ 23 ಎಂದಿದ್ದರೆ ಅದು ಹಸಿರು ಮಣ್ಣು. ಪಿಜಿ 18, ಪಿಜಿ 17 ಅಥವಾ ಪಿಜಿ 7 ಎಂದಿದ್ದರೆ ಅದು ಕ್ರೋಮಿಯಮ್ಮಿನ ಅಥವಾ ಥ್ಯಾಲೋಸಯನಿನ್ ಎಂಬ ಕೃತಕ ರಾಸಾಯನಿಕದ ಹಸಿರಿಗೆ ಸ್ವಲ್ಪ ಹಳದಿ, ಕಂದು ಬೆರೆಸಿ ಮಾಡಿದ ಛಾಯೆ. ಹೆಸರು ಮಾತ್ರ ಹಳೆಯದು. ಅದು ಕೆಟ್ಟ ಬಣ್ಣವಲ್ಲ, ಆದರೆ ಮೈಬಣ್ಣದ ಅಡಿಗೆ ಹಚ್ಚಿದರೆ ಅಡಗಿ ಕೂರದೆ ಮೇಲಕ್ಕೆ ಹಾಯುತ್ತದೆ. ನಾನು ಕೊಂಡ ಮೊದಲ ಟ್ಯೂಬೂ ಅಂಥದ್ದೇ, ಒಂದು ಭಾವಚಿತ್ರವನ್ನು ಅದರಿಂದ ಕೆಡಿಸಿದ ಮೇಲೆ ಹಿಂಬದಿ ಓದುವ ಬುದ್ಧಿ ಬಂತು.

ಎರಡನೆಯದು ಆಳಂದ ಕಡೆಯ ಹಿರಿಯರೊಬ್ಬರ ಪ್ರಶ್ನೆ, ಪ್ರಶ್ನೆಗಿಂತ ಹೆಚ್ಚಾಗಿ ಮಾಹಿತಿ. ತಮ್ಮ ಹೊಲದಲ್ಲಿ ಬಾವಿ ತೋಡುವಾಗ ಕರಿಗಲ್ಲಿನೊಳಗೆ ಹೀಗೆಯೇ ಬಿಳಿ ಹರಳು ಬಂದಿತ್ತು, ಸುತ್ತ ಹಸಿರು ಹತ್ತಿತ್ತು, ಪಾಚಿಯೆಂದು ತಿಳಿದು ಕಲ್ಲನ್ನು ಬದುವಿಗೆ ಹಾಕಿದೆವು ಎಂದರು. ಆ ಬದುವಿನ ಕಲ್ಲು ಇನ್ನೂ ಇದ್ದರೆ, ಪಾಚಿಯಾಗಿದ್ದರೆ ಬೇಸಿಗೆಯಲ್ಲಿ ಒಣಗಿ ಉದುರಿರುತ್ತದೆ. ಉಗುರಿಗೆ ಜಾರುವ ಹಸಿರು ಹಾಗೆಯೇ ಉಳಿದಿದ್ದರೆ ಒಂದು ಚೂರನ್ನು ಕಬ್ಬಿಣದ ಸೌಟಿನಲ್ಲಿ ಕಾಯಿಸಿ ನೋಡಿ ಎಂದು ಕೇಳಿಕೊಂಡಿದ್ದೇನೆ.

ಮೇಜಿನ ಮೇಲಿನ ಲೋಟದ ತಳದಲ್ಲಿ ಕರಿಯ ಮರಳು ಕೂತಿತ್ತು, ಅದರ ಮೇಲೆ ಬೆರಳಿನ ಗೆರೆಯಷ್ಟು ಹಸಿರು ಕೆನೆ ಕಟ್ಟಿತ್ತು, ಉಳಿದ ನೀರು ಆಗಲೂ ಹಸಿರು ಮಂಜಿನಂತೆ ಕದಡಿಯೇ ಇತ್ತು. ಅದು ತಿಳಿಯಾಗಲು ಮರುದಿನ ಬೆಳಗಾಗಬೇಕು. ಸಭಾಂಗಣ ಗುಡಿಸುವವರಿಗೆ ಆ ಲೋಟವನ್ನು ಚೆಲ್ಲಬೇಡಿರೆಂದು ಹೇಳಿ, ಅದರ ಮೇಲೊಂದು ಕಾಗದ ಮುಚ್ಚಿ ಬಂದೆ.